ಟುವಾಲಿನ ಕೆಳಗೆ ಮೂವತ್ತನಾಲ್ಕು

ಬಳ್ಳಾರಿಯ ಬ್ರೂಸ್‌ಪೇಟೆಯ ದಲಾಲಿ ಅಂಗಡಿಗಳಲ್ಲಿ ಆಗ ಬೆಲೆಯನ್ನು ಬಾಯಿಬಿಟ್ಟು ಹೇಳುವ ರೂಢಿ ಇರಲಿಲ್ಲ. ಮಾರಿಸುವ ದಲಾಲಿಯೂ ಕೊಳ್ಳುವ ಸಾವುಕಾರನೂ ಎದುರುಬದುರು ಕೂತು, ನಡುವೆ ಒಂದು ಟುವಾಲು ಇಳಿಬಿಟ್ಟು, ಅದರ ಮರೆಯಲ್ಲಿ ಕೈ ಕೂಡಿಸುತ್ತಿದ್ದರು. ಮಣಿಕಟ್ಟನ್ನು ಒಮ್ಮೆ ಒತ್ತಿದರೆ ಹತ್ತು ರೂಪಾಯಿ, ಒಂದು ಬೆರಳು ಹಿಡಿದರೆ ಒಂದು. ಮೇಲೆ ಮುಖಗಳು ಮಳೆ, ಮದುವೆ, ಮೊನ್ನೆ ಮುಗಿದ ಎಲೆಕ್ಷನ್ನು ಅಂತ ಏನೇನೋ ಮಾತಾಡಿಕೊಳ್ಳುತ್ತಿದ್ದರೆ, ಕೆಳಗೆ ಕೈಗಳು ತಮ್ಮ ಪಾಡಿಗೆ ತಾವು ಜಗಳಾಡಿ ರಾಜಿಯಾಗಿಬಿಡುತ್ತಿದ್ದವು.

ಈ ವಿದ್ಯೆಯಲ್ಲಿ ಪಾಲಯ್ಯನನ್ನು ಮೀರಿಸಿದವರು ಪೇಟೆಯಲ್ಲಿ ಇರಲಿಲ್ಲ. ಇಪ್ಪತ್ತೈದು ವರ್ಷ ಟುವಾಲಿನ ಕೆಳಗೆ ದುಡಿದ ಅವನ ಬಲಗೈ ಬೆಣ್ಣೆಯ ಹಾಗೆ ಮೆತ್ತಗಿತ್ತು. ಆ ಕೈಯಲ್ಲಿ ಅವನು ಚೀಲ ಎತ್ತುತ್ತಿರಲಿಲ್ಲ, ಸೌದೆ ಒಡೆಯುತ್ತಿರಲಿಲ್ಲ, ಬಿಸಿ ಚಹಾದ ಲೋಟವನ್ನು ಸಹ ಎಡಗೈಯಲ್ಲೇ ಹಿಡಿಯುತ್ತಿದ್ದ. ತಿಂಗಳಿಗೊಂದು ಸೋಮವಾರ ಹುಟ್ಟೂರು ಕುರುಗೋಡಿಗೆ ಹೋಗಿ, ದೊಡ್ಡಬಸವೇಶ್ವರನ ಗುಡಿಯ ಹೊಸ್ತಿಲ ಮೇಲೆ ಆ ಅಂಗೈ ಇಟ್ಟು ಬರುವುದು ಅವನ ನೇಮ.

"ಬಾಯಿ ನೂರು ಹೇಳ್ತೈತಿ, ಕೈ ಒಂದಾ ಹೇಳ್ತೈತಿ," ಎನ್ನುತ್ತಿದ್ದ. "ಮಂದಿ ಕೈಯಾಗ ಆಸಿ ಇದ್ರ ಬೆಚ್ಚಗ, ಅಂಜಿಕಿ ಇದ್ರ ತಣ್ಣಗ. ಇದಕ್ಕ ಯಾವ ಸಾಲಿ ಕಲೀಬೇಕಾಗಿಲ್ಲ."

ಸಾಲಿಯ ಮಾತು ಎತ್ತುತ್ತಿದ್ದದ್ದು ತನ್ನ ಅಂಗಡಿಯ ಗುಮಾಸ್ತ ಪ್ರಾಣೇಶನಿಗೆ ಕೇಳಲಿ ಎಂದೇ. ಪ್ರಾಣೇಶ ಇಪ್ಪತ್ತೆಂಟರ ತರುಣ, ಹಣೆಯಲ್ಲಿ ಅಂಗಾರ ಅಕ್ಷತೆ, ಕಿವಿಯ ಮೇಲೆ ಪೆನ್ಸಿಲ್ಲು. ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ಎರಡು ವರ್ಷ ಇದ್ದು ಬಂದವನು. ಅಲ್ಲಿಂದ ಒಂದು ಚಟ ಅಂಟಿಸಿಕೊಂಡು ಬಂದಿದ್ದ: ಚೌಕಳಿ ಕಾಗದದ ಮೇಲೆ ದಿನಾ ಒಂದು ಚುಕ್ಕೆ ಇಡುವುದು. ಮದ್ರಾಸಿನಿಂದ ಬಂದ ತಂತಿಯ ಬೆಲೆಗೆ ಒಂದು ಚುಕ್ಕೆ, ಬೆಳಿಗ್ಗೆ ಪೇಟೆಗೆ ಬಂದ ಶೇಂಗಾ ಬಂಡಿಗಳಿಗೆ ಇನ್ನೊಂದು. ಚುಕ್ಕೆಗಳನ್ನು ಗೆರೆಯಿಂದ ಕೂಡಿಸಿ, ತಲೆ ವಾರೆಮಾಡಿ, ಮಗುವಿನ ಮುಖ ನೋಡುವ ತಾಯಿಯಂತೆ ನೋಡುತ್ತ ಕೂರುತ್ತಿದ್ದ. ಟುವಾಲಿನ ಕೆಳಗೆ ಅವನು ಕೈ ಹಾಕಿದ್ದೇ ಇಲ್ಲ. ಅವನ ಅಂಗೈ ಹುಟ್ಟಿನಿಂದಲೇ ಬೆವರುವಂಥದ್ದು.

"ಆಚಾರ್ರೇ," ಎಂದು ಪಾಲಯ್ಯ ಕಾಡಿಸುತ್ತಿದ್ದ, "ನಿಮ್ಮ ಕೈ ಹಿಡಿದ್ರ ಹಸಿ ಧೋತ್ರ ಹಿಂಡಿದಂಗ ಆಗ್ತೈತಿ. ನೀವು ರಂಗೋಲಿನಾ ಹಾಕ್ಕೊಂತ ಕುಂದರ್ರಿ."

"ರಂಗೋಲಿ ಅಲ್ರಿ ಪಾಲಯ್ಯನೋರ, ಇದು ಪೇಟಿ ಜಾತಕ."

"ಜಾತಕ ಆದ್ರ ನಮ್ಮ ಶೇಂಗಾಕ್ಕ ಒಂದು ಒಳ್ಳೆ ವರ ಹುಡುಕ್ರಿ!"

ಹೀಗೆ ನಗುನಗುತ್ತಲೇ ಸಾಗುತ್ತಿದ್ದ ಅಂಗಡಿಗೆ ಐವತ್ತೆರಡನೆಯ ಇಸವಿಯ ಆರಂಭದಲ್ಲಿ ಕುರುಗೋಡಿನಿಂದ ಅರವತ್ತು ಚೀಲ ಶೇಂಗಾ ಬಂತು. ಅದು ಪಾಲಯ್ಯನ ಒಡಹುಟ್ಟಿದ ಅಕ್ಕ ದೊಡ್ಡಬಸಮ್ಮನ ಮಾಲು. ಗಂಡ ತೀರಿದ ಮೇಲೆ ಹೊಲ, ಬಾವಿ, ಎತ್ತು ಎಲ್ಲವನ್ನೂ ಒಬ್ಬಳೇ ನಿಭಾಯಿಸಿದ ಹೆಂಗಸು. ಬಾವಿಯಿಂದ ಕಪಿಲೆಯಲ್ಲಿ ನೀರೆಳೆಯುವ ಎತ್ತುಗಳಿಗೆ ಮುಪ್ಪು ಬಂದಿತ್ತು. ಬೇಸಿಗೆಯ ಉಳ್ಳಾಗಡ್ಡಿ ತೋಟಕ್ಕೆ ನೀರು ಹಾಯಿಸಲು ಒಂದು ಆಯಿಲ್ ಇಂಜಿನ್ನು ಹಾಕಿಸಬೇಕೆಂದು ಮೂರು ವರ್ಷದಿಂದ ಕನಸು ಕಂಡಿದ್ದಳು. ಬಳ್ಳಾರಿಯ ಇಂಜಿನ್ ಅಂಗಡಿಯವನು ಶಿವರಾತ್ರಿಯವರೆಗೆ ಅವಳ ಹೆಸರಲ್ಲಿ ಒಂದನ್ನು ತೆಗೆದಿಟ್ಟಿದ್ದ. ಆಮೇಲೆ ಅದು ಬೇರೆಯವರಿಗೆ.

ಲೆಕ್ಕ ಸರಳವಾಗಿತ್ತು. ಚೀಲಕ್ಕೆ ಮೂವತ್ತು ಬಂದರೆ ಇಂಜಿನ್ನು. ಮೂವತ್ತನಾಲ್ಕು ಬಂದರೆ ಇಂಜಿನ್ನು ಮತ್ತು ತೋಟದ ತನಕ ಪೈಪು. ಮೂವತ್ತಕ್ಕಿಂತ ಇಳಿದರೆ ಮತ್ತೆ ಮುದಿ ಎತ್ತು.

"ನಿನ್ನ ಕೈ, ನಿನ್ನ ಮಾತು," ಎಂದು ಅಕ್ಕ ಹೇಳಿಕಳಿಸಿದ್ದಳು. "ನಾನು ಇಂಜಿನ್ ಕೂಡ್ಸಾಕ ಕುಣಿ ತೋಡಾಕ ಹಚ್ಚೀನಿ."

ಪೇಟೆಯಲ್ಲಿ ಒಂದು ವರ್ಷದಿಂದ ಶೇಂಗಾ ಏರುತ್ತಲೇ ಇತ್ತು. ಎಲ್ಲಿಯೋ ಸಮುದ್ರದಾಚೆ ಯುದ್ಧ ನಡೆದರೆ ಇಲ್ಲಿ ಎಣ್ಣೆಗೆ ರೆಕ್ಕೆ ಬರುತ್ತಿತ್ತು. ಆ ಗುರುವಾರ ಸಿರುಗುಪ್ಪದ ಚಂದ್ರಣ್ಣ ಬಂದ. ಅವನದು ನದಿದಂಡೆಯ ಭತ್ತದ ವ್ಯಾಪಾರ, ಈಚೆಗೆ ಶೇಂಗಾದ ರುಚಿ ಹತ್ತಿತ್ತು. ಚೀಲ ಬಿಚ್ಚಿಸಿ ಒಂದು ಹಿಡಿ ಕಾಯಿ ತೆಗೆದು, ಕಿವಿಯ ಹತ್ತಿರ ಅಲುಗಿಸಿ, ಒಂದೆರಡು ಒಡೆದು ಬಾಯಿಗೆ ಹಾಕಿಕೊಂಡು ಕೂತ. ಪಾಲಯ್ಯ ಟುವಾಲು ಹಾಸಿದ.

ಕೈ ಕೂಡಿದ ಕೂಡಲೇ ಪಾಲಯ್ಯನ ಹುಬ್ಬು ಮೇಲೇರಿತು. ಚಂದ್ರಣ್ಣನ ಕೈ ಕಾದ ಹಂಚು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಮಣಿಕಟ್ಟನ್ನು ಮೂರು ಸಲ ಒತ್ತಿ ನಾಲ್ಕು ಬೆರಳು ಹಿಡಿಯಿತು ಆ ಕೈ. ಮೂವತ್ತನಾಲ್ಕು.

'ಅಬ್ಬಾ, ಏನು ಆಸೆ ಈ ಮನುಷ್ಯನಿಗೆ!' ಎಂದುಕೊಂಡ ಪಾಲಯ್ಯ. 'ಇಷ್ಟು ಕುದಿಯುವವನು ನಾಳೆ ಮೂವತ್ತಾರಕ್ಕೂ ಬರುತ್ತಾನೆ.' ಅಕ್ಕನಿಗೆ ಇಂಜಿನ್ನು, ಪೈಪು, ಮೇಲೆ ಒಂದು ಇಳಕಲ್ ಸೀರೆ. ಊರಲ್ಲಿ ಜನ ಏನೆನ್ನುತ್ತಾರೆ? ಪಾಲಯ್ಯನ ಕೈಗುಣ ಅನ್ನುತ್ತಾರೆ. ಅವನು ಕೈ ಬಿಡಿಸಿಕೊಂಡು ಟುವಾಲು ಕೊಡವಿದ.

"ಯಾಕ್ರಿ?" ಎಂದ ಚಂದ್ರಣ್ಣ.

"ನಾಳಿ ಬರ್ರಿ ಸಾವ್ಕಾರ್ರ. ಮಾಲು ಎಲ್ಲಿ ಹೋಕ್ಕೈತಿ."

"ನಾಳಿ ನಾನಾ ಇರ್ತೀನೋ ಇಲ್ಲೋ," ಎಂದು ಚಂದ್ರಣ್ಣ ಶಲ್ಯ ಹೊದ್ದುಕೊಂಡು ಎದ್ದುಹೋದ. ಚೌಕಾಸಿ ಮಾಡುವವರೆಲ್ಲ ಹೀಗೇ ಆಡುತ್ತಾರೆ ಎಂದು ಪಾಲಯ್ಯ ನಕ್ಕ.

ಪ್ರಾಣೇಶ ಮೂಲೆಯಿಂದ ಕಾಗದ ಹಿಡಿದು ಬಂದ. "ಎಷ್ಟು ಹೇಳಿದ್ರು?"

"ಮೂವತ್ನಾಕು."

"ಮತ್ತ ಬಿಟ್ರ್ಯಾ! ಇಲ್ಲಿ ನೋಡ್ರಿ. ಮದ್ರಾಸ್ ತಂತಿ ಮೂರು ಸಲ ಇಳದೈತಿ, ಒಂದೊಂದಾ ಆಣೆ ಆದ್ರೂ ಇಳದೈತಿ. ಬಂಡಿ ನೋಡಿದ್ರ ದಿನಾ ಹೆಚ್ಚಿಗಿ. ಬೆಲಿ ಏರ್ತೈತಿ ಅಂತ ಮನ್ಯಾಗ ಮಾಲು ಇಟ್ಕೊಂಡೋರೆಲ್ಲ ಈಗ ಹೊರಗ ತೆಗ್ಯಾಕತ್ತಾರ. ಇದು ನಿಲ್ಲಂಗಿಲ್ರಿ."

"ಆಚಾರ್ರೇ, ನಿಮ್ಮ ಚುಕ್ಕಿಗೆ ಬೆವರು ಬರ್ತೈತೇನು? ನಡುಗ್ತೈತೇನು? ಆ ಕೈ ನಡುಗ್ತಿತ್ತು. ಬಳ್ಳಾರಿ ಗುಡ್ಡ ಬಂದು ಇಲ್ಲ ಅಂದ್ರೂ ನಾನು ನಂಬಂಗಿಲ್ಲ."

ಶುಕ್ರವಾರ ಚಂದ್ರಣ್ಣ ಬರಲಿಲ್ಲ. ಶನಿವಾರವೂ ಇಲ್ಲ. ಉಳಿದವರು ಬಂದು ಮೂವತ್ತೆರಡು, ಮೂವತ್ತು ಹಿಡಿದು ಹೋದರು. ಪಾಲಯ್ಯ ಟುವಾಲು ಕೊಡವುತ್ತಲೇ ಇದ್ದ. ಭಾನುವಾರ ಬೆಳಿಗ್ಗೆ ಅವನಿಗೆ ಇದ್ದಕ್ಕಿದ್ದಂತೆ ಸಿರುಗುಪ್ಪದ ಅಕ್ಕಿಯ ನೆನಪಾಯಿತು. "ಮನಿಗೆ ಎರಡು ಚೀಲ ಅಕ್ಕಿ ನೋಡಿಕೊಂಡು ಬರ್ತೀನಿ," ಎಂದು ಬಸ್ಸು ಹತ್ತಿದ. ಪ್ರಾಣೇಶ ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು ಮುಗುಳ್ನಕ್ಕ. ಪಾಲಯ್ಯನ ಮನೆಯಲ್ಲಿ ಜೋಳದ ರೊಟ್ಟಿ ಬಿಟ್ಟರೆ ಬೇರೆ ಉಣ್ಣುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಸಿರುಗುಪ್ಪದಲ್ಲಿ ಎತ್ತ ನೋಡಿದರೂ ನೀರು ನಿಂತ ಗದ್ದೆ, ಮೇಲೆ ಸೊಳ್ಳೆಯ ಹಿಂಡು. ಚಂದ್ರಣ್ಣನ ಮನೆಯ ಪಡಸಾಲೆಯಲ್ಲಿ ಮೂರು ಕಂಬಳಿಗಳ ಒಂದು ಗುಡ್ಡೆ ಇತ್ತು. ಗುಡ್ಡೆ ಗಡಗಡ ನಡುಗುತ್ತಿತ್ತು. ಚಂದ್ರಣ್ಣನ ಹೆಂಡತಿ ಪಾರಮ್ಮ ಕಷಾಯದ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತಿದ್ದಳು.

"ಬರ್ರಿ ಅಣ್ಣಾ. ಚಳಿಜ್ವರ ನೋಡ್ರಿ. ಬುಧವಾರ ರಾತ್ರಿನಾ ಹಿಡದಿತ್ತು, ಬ್ಯಾಡ ಅಂದ್ರೂ ಗುರುವಾರ ಬಳ್ಳಾರಿಗೆ ಎದ್ದು ಹೋದ್ರು."

ಪಾಲಯ್ಯ ಕಂಬಳಿಯ ಕೆಳಗೆ ಕೈ ಹಾಕಿ ಚಂದ್ರಣ್ಣನ ಕೈ ಹಿಡಿದ. ಅದೇ ಬಿಸಿ, ಅದೇ ನಡುಕ. ಗುರುವಾರ ಟುವಾಲಿನ ಕೆಳಗೆ ಸಿಕ್ಕಿದ್ದೇ ಈ ಕೈ.

"ಸಾವ್ಕಾರ್ರ, ಆ ಮೂವತ್ನಾಕು..." ಎಂದ ಮೆಲ್ಲಗೆ.

ಕಂಬಳಿಯೊಳಗಿಂದ ಹಲ್ಲು ಕಟಕಟಿಸುವ ಸದ್ದಿನ ನಡುವೆ ಉತ್ತರ ಬಂತು. "ಯಾ... ಯಾವ ಮೂವತ್ನಾಕು? ಅಷ್ಟು ಹೇಳಿದ್ನ್ಯಾ ನಾನು? ನಿಮ್ಮ ದಯಾ, ಉಳಿಸಿದ್ರಿ. ಈಗ ಇಪ್ಪತ್ತೆಂಟಕ್ಕೂ ಬ್ಯಾಡ ನನಗ."

"ಜ್ವರದಾಗ ಅವ್ರ ಮಾತು ಹಿಡೀಬ್ಯಾಡ್ರಿ ಅಣ್ಣಾ," ಎಂದಳು ಪಾರಮ್ಮ. "ಮೊನ್ನಿ ನಮ್ಮ ಎಮ್ಮಿಗೆ ಕೈ ಮುಗದು 'ಅತ್ತಿಯವರ, ಯಾವಾಗ ಬಂದ್ರಿ' ಅಂದ್ರು."

ಪಾಲಯ್ಯನಿಗೆ ನಗು ಬರಬೇಕಿತ್ತು. ಬರಲಿಲ್ಲ. ಪಾರಮ್ಮ ಕೊಟ್ಟ ಕಷಾಯವನ್ನೇ ಚಹಾ ಎಂದು ಕುಡಿದು ಎದ್ದ.

ಹಿಂದಿರುಗುವ ಬಸ್ಸಿನಿಂದ ಕುರುಗೋಡಿನಲ್ಲಿ ಇಳಿದು ನೇರ ಗುಡಿಗೆ ಹೋದ. ಒಳಗೆ ದೊಡ್ಡಬಸವ ಎಂದಿನಂತೆ ಮಂಡಿಯೂರಿ ಕೂತಿದ್ದ, ಕಲ್ಲಿನ ಕಣ್ಣು ಅರೆತೆರೆದು, ಯಾವ ಅವಸರವೂ ಇಲ್ಲದೆ. ಎಷ್ಟು ಏರಿಕೆ ಕಂಡವನೋ, ಎಷ್ಟು ಇಳಿತ ಕಂಡವನೋ. ಪಾಲಯ್ಯ ಹೊಸ್ತಿಲ ಮೇಲೆ ಅಂಗೈ ಇಟ್ಟ. ಇಟ್ಟ ಕೈ ತೆಗೆಯಲು ಮನಸ್ಸಾಗಲಿಲ್ಲ.

'ಅಪ್ಪಾ, ಕೈ ಸುಳ್ಳು ಹೇಳಲಿಲ್ಲವಲ್ಲ,' ಎಂದು ಒಳಗೇ ಕೇಳಿಕೊಂಡ. 'ಬಿಸಿ ಅಂತು, ಬಿಸಿ ಇತ್ತು. ನಡುಕ ಅಂತು, ನಡುಕ ಇತ್ತು. ಅದಕ್ಕೆ ಆಸೆ ಎಂದು ಹೆಸರಿಟ್ಟವನು ಯಾರು?'  ಮೂವತ್ತಾರು, ಸೀರೆ, ಊರವರ ಬಾಯಲ್ಲಿ ತನ್ನ ಹೆಸರು, ಇವೆಲ್ಲ ಚಂದ್ರಣ್ಣನ ಕೈಯಿಂದ ಬಂದವಲ್ಲ. ಅವು ಟುವಾಲಿನ ಈಚೆ ಬದಿಯಲ್ಲಿ ಮೊದಲೇ ಕೂತಿದ್ದವು.

"ಲೇ ಪಾಲಾ! ಸೋಮವಾರ ಬರೋನು ಭಾನುವಾರ ಬಂದೀ?" ಹಿಂದಿನಿಂದ ಅಕ್ಕನ ದನಿ. ದೊಡ್ಡಬಸಮ್ಮ ಎಣ್ಣೆಯ ಬಟ್ಟಲು ಹಿಡಿದು ನಿಂತಿದ್ದಳು. "ಬಾ, ಕುಣಿ ನೋಡುವಂತಿ. ಇಂಜಿನ್ ಮ್ಯಾಲೆ ಒಂದು ಸಣ್ಣ ಗೂಡೂ ಮಾಡಸ್ತೀನಿ, ದೇವರ ಪಟಕ್ಕ. ಮಾರಿದ್ಯೇನು?"

"ನಾಳಿ, ಅಕ್ಕಾ."

"ಮುಖಾ ಯಾಕ ಹಿಂಗ ಮಾಡ್ಕೊಂಡಿ?"

"ಕಷಾಯ ಕುಡದೀನಿ," ಎಂದು ಪಾಲಯ್ಯ ಬಸ್ಸಿಗೆ ಓಡಿದ. ಕುಣಿ ನೋಡುವ ಧೈರ್ಯ ಅವನಿಗಿರಲಿಲ್ಲ.

ಮರುದಿನ ಅಂಗಡಿ ತೆಗೆದವನೇ ಪ್ರಾಣೇಶನ ಮೂಲೆಗೆ ಹೋಗಿ, ಅವನ ಎದುರು ನೆಲದ ಮೇಲೆ ಕೂತ. ಹಾಗೆ ಅವನು ಕೂತದ್ದು ಅದೇ ಮೊದಲು. "ತೋರ್ಸ್ರಿ ಆಚಾರ್ರೇ, ನಿಮ್ಮ ಜಾತಕ."

ಪ್ರಾಣೇಶ ಗೆಲುವಿನ ನಗೆ ನಗಲಿಲ್ಲ, ಅದು ಅವನ ದೊಡ್ಡತನ. ಪೆನ್ಸಿಲ್ಲಿನ ತುದಿಯಿಂದ ಗೆರೆ ತೋರಿಸಿದ. ವರ್ಷವಿಡೀ ಹತ್ತಿದ ಗೆರೆ ನೆತ್ತಿ ಮುಟ್ಟಿ ಈಚೆ ಬಾಗಿತ್ತು.

"ಇದು ನಮ್ಮ ಕೋಟೆ ಗುಡ್ಡ ಇದ್ದಂಗ ಐತಲ್ರಿ," ಎಂದ ಪಾಲಯ್ಯ. "ಹತ್ತೋ ಕಡಿ ಸಾವಕಾಶ. ಇಳಿಯೋ ಕಡಿ ಬರೇ ಬಂಡೆಗಲ್ಲು, ಜಾರಿದ್ರ ತಳಕ್ಕಾ."

"ಅಷ್ಟಾ ರೀ. ಇವತ್ತ ಮಾರಿಬಿಡ್ರಿ. ಮೊದಲು ಬಂದೋರಿಗೆ, ಇಪ್ಪತ್ತೇಳಕ್ಕಾದ್ರೂ."

"ಇಪ್ಪತ್ತೇಳಕ್ಕ ಕೊಟ್ರ ಅಕ್ಕಗ ಇಂಜಿನ್ನು ಇಲ್ಲ."

"ಮುಂದಿನ ವಾರ ಇಪ್ಪತ್ತೆರಡು ಆಗ್ತೈತಿ. ಆಗ ಎತ್ತಿಗೆ ಹುಲ್ಲೂ ಇಲ್ಲ."

ಪಾಲಯ್ಯ ಗೆರೆಯ ಬಾಗಿನ ಮೇಲೆ ಬೆರಳಾಡಿಸಿದ. ಗೆರೆ ಹೇಳುವುದು ನಿಜವೆಂದು ಈಗ ಅವನಿಗೆ ಕಾಣುತ್ತಿತ್ತು. ಇವತ್ತೇ ಮಾರಬೇಕು. ಆದರೆ ಗೆರೆಗೆ ಪೇಟೆಯೆಲ್ಲ ಒಂದೇ, ಅಲ್ಲಿ ಬರುವ ಮನುಷ್ಯರ ಮುಖ ಅದಕ್ಕೆ ಇರಲಿಲ್ಲ. "ಸಂಜಿ ತನಕ ನನಗ ಬಿಡ್ರಿ," ಎಂದ.

ಮೊದಲು ಬಂದವನು ಅದವಾನಿಯ ಒಬ್ಬ ವ್ಯಾಪಾರಿ. ಪಾಲಯ್ಯ ಟುವಾಲು ಹಾಸುವ ಮೊದಲು ಕೇಳಿದ, "ಮೈಯಾಗ ಆರಾಮ ಐತಿಲ್ರಿ? ನಾಷ್ಟಾ ಆತು? ರಾತ್ರಿ ನಿದ್ದಿ ಚೊಲೋ ಬಂತು?"

ವ್ಯಾಪಾರಿ ತಬ್ಬಿಬ್ಬಾದ. "ಯಾಕ್ರಿ, ಹೆಣ್ಣು ಕೊಡ್ತೀರೇನು?"

ಅವನ ಕೈ ಸಡಿಲವಾಗಿತ್ತು. ಇಪ್ಪತ್ತಾರು ಹಿಡಿದು, ಬೇಕಾದರೆ ಕೊಡು ಎಂಬಂತೆ ಬಿಟ್ಟುಬಿಟ್ಟಿತು. ಎರಡನೆಯವನದೂ ಹಾಗೇ. ಮಧ್ಯಾಹ್ನ ಎಣ್ಣೆ ಮಿಲ್ಲಿನ ಎರ್ರಣ್ಣ ಬಂದ. ದಪ್ಪ ಮನುಷ್ಯ, ತೆಲುಗು ಬೆರೆಸಿ ಮಾತು, ಯಾವಾಗಲೂ ಆಕಳಿಕೆ. ಮೈಯಲ್ಲಿ ಆರಾಮವೆಂದೂ ಎರಡು ತಟ್ಟೆ ಉಗ್ಗಾಣಿ ಆಗಿದೆಯೆಂದೂ ಹೇಳಿದ.

ಕೈ ಕೂಡಿತು. ತಣ್ಣಗೆ, ಒಣಗಿ, ನೆಮ್ಮದಿಯಾಗಿತ್ತು. ಎರಡು ಸಲ ಮಣಿಕಟ್ಟು ಒತ್ತಿ, ಐದು ಬೆರಳು ಹಿಡಿದು, ಬಿಟ್ಟು ಮತ್ತೆರಡು ಹಿಡಿಯಿತು. ಇಪ್ಪತ್ತೇಳು. ಪಾಲಯ್ಯ ಬೆರಳು ಸಡಿಲಿಸಿದ. ಎರ್ರಣ್ಣ ಬಾಯಿತುಂಬ ಆಕಳಿಸಿ, "ಏಮೋ ಪಾಲಯ್ಯಾ, ಪೇಟಿ ಪೂರಾ ಬಿತ್ತಲ್ಲಪ್ಪಾ," ಎಂದ. ಆದರೆ ಅವನ ಹೆಬ್ಬೆರಳು ಪಾಲಯ್ಯನ ಬೆರಳ ಗೆಣ್ಣಿನ ಮೇಲೆಯೇ ಕೂತಿತ್ತು. ಹೋಗುವವನ ಕೈ ಹೋಗುತ್ತಿರಲಿಲ್ಲ.

ಪಾಲಯ್ಯನ ಎದೆ ಹಾರಿತು. ಹಾರಿದ್ದು ಅವನಿಗೇ ಗೊತ್ತಾಯಿತು, ಗೊತ್ತಾದ್ದರಿಂದ ತಡೆದುಕೊಂಡ. ಇದು ಎರ್ರಣ್ಣನ ಕೈಯೋ, ತನ್ನ ಆಸೆಯೋ? ಹಿಡಿದ ಕೈ ಬಿಡದೆಯೇ ಮೂಲೆಯ ಕಡೆ ತಿರುಗಿ ಕೇಳಿದ, "ಆಚಾರ್ರೇ, ಎರ್ರಣ್ಣನವರ ಮಿಲ್ಲಿನ ದಾರ್ಯಾಗ ಈ ವಾರ ಬಂಡಿ ಭಾಳ ಓಡಾಡ್ಯಾವೇನ್ರಿ? ರಸ್ತಿ ಪೂರಾ ಹಾಳಾಗೇತಂತ."

ಪ್ರಾಣೇಶ ಕಾಗದ ತಿರುವಿದ. ಮಾತಿನ ಒಳಗಿನ ಮಾತು ಅವನಿಗೆ ಒಂದು ಕ್ಷಣ ತಡವಾಗಿ ಹೊಳೆಯಿತು. "ಎಲ್ಲಿ ಬಂತ್ರಿ, ಎಂಟು ದಿನದಾಗ ಮೂರಾ ಬಂಡಿ ಹೋಗ್ಯಾವು. ಮಿಲ್ಲಿನ ಹೊಗಿ ಮಾತ್ರ ಹಗಲೂ ರಾತ್ರಿ ನಿಂತಿಲ್ಲ. ನಮ್ಮ ಮನಿ ಮಾಳಿಗಿಗೆ ಕಾಣ್ತೈತಿ."

ಎರ್ರಣ್ಣನ ಆಕಳಿಕೆ ಅರ್ಧಕ್ಕೇ ನಿಂತಿತು. ಟುವಾಲಿನ ಕೆಳಗೆ ಆ ತಣ್ಣನೆಯ ಕೈಗೆ ಮೆಲ್ಲಗೆ ಬೆವರು ಬಂತು. ಪಾಲಯ್ಯನಿಗೆ ಅರ್ಥವಾಯಿತು: ಎಣ್ಣೆ ಕೊಡುವೆನೆಂದು ಯಾರಿಗೋ ಮಾತು ಕೊಟ್ಟಾಗಿದೆ, ಬೆಲೆ ಇನ್ನೂ ಇಳಿಯಲೆಂದು ಕಾದ ಮಿಲ್ಲಿನಲ್ಲಿ ಕಾಯಿ ಮುಗಿಯುತ್ತ ಬಂದಿದೆ, ಒಮ್ಮೆಗೇ ಅರವತ್ತು ಚೀಲ ಇವತ್ತೇ ಸಿಗುವುದು ಇಲ್ಲಿ ಮಾತ್ರ. ಪಾಲಯ್ಯ ಅವನ ಮಣಿಕಟ್ಟನ್ನು ಮೂರು ಸಲ ಒತ್ತಿ ಮೂರು ಬೆರಳು ಹಿಡಿದ. ಎರ್ರಣ್ಣ ಬೆರಳು ಕಿತ್ತುಕೊಂಡ, ಮತ್ತೆ ಕೊಟ್ಟ. ಮೇಲೆ ಎಲೆಕ್ಷನ್ನಿನ ಮಾತು ನಡೆದಿತ್ತು. ಕೆಳಗೆ ಇಬ್ಬರೂ ಮೂವತ್ತೊಂದಕ್ಕೆ ಬಂದು ನಿಂತರು.

"ನಿನಗ ಒಂದು ಕೈ ಇದ್ದಾಗ ಚೊಲೋ ಇತ್ತಪ್ಪಾ," ಎಂದು ಎರ್ರಣ್ಣ ಏಳುತ್ತ ಹೇಳಿದ. "ಈಗ ಕಣ್ಣೂ ಇಟ್ಕೊಂಡೀಯಲ್ಲ, ಅಲ್ಲಿ ಮೂಲ್ಯಾಗ."

ಮುಂದಿನ ವಾರ ಪೇಟೆ ಇಪ್ಪತ್ತೆರಡಕ್ಕೆ ಜಾರಿತು. ಬ್ರೂಸ್‌ಪೇಟೆಯಲ್ಲಿ ಟುವಾಲುಗಳೆಲ್ಲ ಹೆಗಲ ಮೇಲೇ ಉಳಿದವು.

ಶಿವರಾತ್ರಿಗೆ ನಾಲ್ಕು ದಿನ ಮೊದಲು ಇಂಜಿನ್ನು ಕುರುಗೋಡಿಗೆ ಬಂತು. ಬಾವಿಯ ಹತ್ತಿರ ಹೂವು ಏರಿಸಿ, ಕಾಯಿ ಒಡೆದು, ತಿರುಗಿಸಿದರು. ಎರಡು ಸಲ ಕೆಮ್ಮಿ ಮೂರನೆಯದಕ್ಕೆ ಟುಕುಟುಕು ಎಂದು ಶುರುವಾಯಿತು. ಮುದಿ ಎತ್ತುಗಳು ದೂರದಲ್ಲಿ ಮೆಲುಕು ಹಾಕುತ್ತ ಅದನ್ನು ನೋಡಿದವು. ನೀರು ಪೈಪಿನಲ್ಲಿ ಓಡಿ ಹೋಯಿತು. ತೋಟಕ್ಕೆ ಇನ್ನೂ ಅರವತ್ತು ಮೊಳ ಇರುವಾಗ ಪೈಪು ಮುಗಿದು, ನೀರು ಕಲ್ಲುಭೂಮಿಯ ಮೇಲೆ ದಿಕ್ಕೆಟ್ಟು ನಿಂತಿತು.

"ಪೈಪು ಯಾಕ ಸಾಲಲಿಲ್ಲ?" ಎಂದಳು ದೊಡ್ಡಬಸಮ್ಮ.

ಪಾಲಯ್ಯ ಇಂಜಿನ್ನಿನ ಕಡೆ ನೋಡಿದ, ಎತ್ತುಗಳ ಕಡೆ ನೋಡಿದ. ಆಮೇಲೆ ಅಕ್ಕನ ಕಡೆ ನೋಡಿದ. "ಮೂವತ್ನಾಕು ಬಂದಿತ್ತಕ್ಕಾ. ಕೈಯಾಗ ಇತ್ತು. ನಾನಾ ಬಿಟ್ಟೆ."

ದೊಡ್ಡಬಸಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಾವಿಕಟ್ಟೆಯ ಬಳಿಯಿದ್ದ ಗುದ್ದಲಿ ತಂದು ಅವನ ಬಲಗೈಗೆ ಕೊಟ್ಟಳು. "ಹಂಗಾದ್ರ ಇಲ್ಲಿಂದ ಅಗಿ. ಕಾಲುವಿ ಮಾಡು. ಉಂಡು ಅಗಿತೀಯೋ, ಅಗದು ಉಣ್ತೀಯೋ?"

"ಅಗದು ಉಣ್ತೀನಿ."

"ನಿನ್ನ ಕೈ, ನಿನ್ನ ಮಾತು," ಎಂದು ಅವಳು ನಕ್ಕುಬಿಟ್ಟಳು.

ಎರಡು ದಿನ ಅಗೆದ. ಮೂರನೆಯ ದಿನ ನೀರು ಉಳ್ಳಾಗಡ್ಡಿಯ ಮಡಿಗೆ ಬಿತ್ತು. ಬೆಣ್ಣೆಯಂಥ ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಕೆಂಪಾಗಿತ್ತು. ಬಳ್ಳಾರಿಗೆ ಮರಳಿದಾಗ ಅವನ ಕೈಗೆ ಅರಿಶಿನದ ಬಟ್ಟೆ ಸುತ್ತಿತ್ತು.

ಅದೇ ಹೊತ್ತಿಗೆ ಅಂಗಡಿಯ ಎದುರು ಒಬ್ಬ ಸಾವುಕಾರ ಬಂದು ಕೂತ. ಪಾಲಯ್ಯ ತನ್ನ ಕೈ ನೋಡಿಕೊಂಡ, ಪ್ರಾಣೇಶನನ್ನು ನೋಡಿದ, ಟುವಾಲನ್ನು ಅವನ ತೊಡೆಯ ಮೇಲೆ ಎಸೆದ.

"ನಾನ್ಯಾ? ನನ್ನ ಕೈ ಬೆವರ್ತೈತ್ರಿ!"

"ಬೆವರ್ಲಿ. ಸಾವ್ಕಾರ್ರಿಗೆ ಮೊದಲಾ ಹೇಳಿಬಿಡ್ರಿ, ಇದು ನನ್ನ ಹುಟ್ಟುಗುಣ ಅಂತ."

ಪ್ರಾಣೇಶ ಎರಡು ಸಲ ಧೋತ್ರಕ್ಕೆ ಕೈ ಒರೆಸಿಕೊಂಡು, ಕಣ್ಣುಮುಚ್ಚಿ ರಾಯರನ್ನು ನೆನೆದು, ಬಾವಿಗೆ ಇಳಿಯುವವನಂತೆ ಟುವಾಲಿನೊಳಗೆ ಕೈ ಇಳಿಸಿದ. ಬಹಳ ಹೊತ್ತಾಯಿತು. ಸಾವುಕಾರ ಎದ್ದುಹೋದ ಮೇಲೆ ಪಾಲಯ್ಯ ಕೇಳಿದ, "ಏನಂತು ಕೈ?"

"ನಡುಗ್ತಿತ್ರಿ."

"ಯಾರ್ದು?"

ಪ್ರಾಣೇಶ ತನ್ನ ಒದ್ದೆ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಅದಾ ತಿಳೀಲಿಲ್ಲ ನೋಡ್ರಿ. ಅವರದೋ ನಂದೋ."

"ಇಷ್ಟು ಜಲ್ದಿ ಕಲತ್ರಿ!" ಎಂದ ಪಾಲಯ್ಯ. "ಅದನ್ನ ಕೇಳಾಕ ನನಗ ಇಪ್ಪತ್ತೈದು ವರ್ಷ ಬೇಕಾತು."

ಹೇಳಿ, ಮೂಲೆಯಿಂದ ಚೌಕಳಿ ಕಾಗದ ಎಳೆದುಕೊಂಡು, ಬಟ್ಟೆ ಸುತ್ತಿದ ಬೆರಳುಗಳಲ್ಲಿ ಪೆನ್ಸಿಲ್ಲನ್ನು ಊದುಬತ್ತಿಯಂತೆ ನೆಟ್ಟಗೆ ಹಿಡಿದು, ಆ ದಿನದ ಚುಕ್ಕೆ ಎಲ್ಲಿ ಬೀಳಬೇಕೆಂದು ಹುಡುಕತೊಡಗಿದ.